ಬೋರ್ಡಿನ ಮೇಲೆ ಬರೆದ ವಿಳಾಸ

ಸೆಪ್ಟೆಂಬರ್ 6

ಇವಳೇ,

ಕ್ಷೇಮವಾಗಿ ತಲುಪಿದ ಸುದ್ದಿಯನ್ನು ಫೋನಿನಲ್ಲೇ ಹೇಳಿದ್ದೆ. ಅದಾದ ಮೇಲೆ ನಾವಿಬ್ಬರೂ ಫೋನ್ ಹಿಡಿದುಕೊಂಡು ಮಾಡಿದ್ದೇನು? ‘ಊಟ ಆಯ್ತಾ?’ ‘ಆಯ್ತು, ನಿಮ್ದು?’ ‘ಆಯ್ತು.’ ಆಮೇಲೆ ಒಬ್ಬರ ಉಸಿರನ್ನು ಇನ್ನೊಬ್ಬರು ಕೇಳಿಸಿಕೊಳ್ಳುತ್ತ ಕೂತದ್ದು. ಪೀಪಿಯ ಆ ಸಂಗತಿ ಆದಾಗಿನಿಂದ ಮನೆಯಲ್ಲಿ ಎದುರುಬದುರು ಕೂತಾಗಲೂ ನಮ್ಮದು ಇದೇ ಕತೆ ತಾನೆ? ಆದ್ದರಿಂದ ಪತ್ರ ಬರೆಯುತ್ತಿದ್ದೇನೆ. ಬೈಯುವುದಿದ್ದರೂ ನೀನು ನಿಧಾನವಾಗಿ, ಕಾಗುಣಿತ ನೋಡಿಕೊಂಡು ಬೈಯಬಹುದು.

ಇಲ್ಲಿ ವಿಶ್ವವಿದ್ಯಾಲಯದ ಹಳೇ ಕಟ್ಟಡದ ಮೇಲಿನ ಮಹಡಿಯಲ್ಲಿ ಹೊರಗಿನಿಂದ ಬಂದ ಇಂಗ್ಲಿಷ್ ಮೇಷ್ಟ್ರುಗಳಿಗೆಲ್ಲ ಸೇರಿ ಒಂದೇ ಕೋಣೆ. ಒಬ್ಬೊಬ್ಬರಿಗೆ ಒಂದು ಮೇಜು, ಒಂದು ಖಾನೆ, ಒಂದು ಕೊಕ್ಕೆ. ಕೊಕ್ಕೆ ಕೋಟು ನೇತುಹಾಕಲು. ಮೇಜಿನ ಮೇಲೆ ನನಗಿಂತ ಮುಂಚೆ ಇದ್ದವನ ಹೆಸರಿನ ಚೀಟಿ ಅರ್ಧ ಕಿತ್ತುಕೊಂಡು ಉಳಿದಿದೆ. ಒಪ್ಪಂದ ಒಂದೇ ವರ್ಷಕ್ಕೆ. ಮುಂದುವರಿಸುವುದೋ ಬಿಡುವುದೋ ಎಂದು ವಿಭಾಗದ ಮುಖ್ಯಸ್ಥೆ ಹೇಳುತ್ತಾರೆ, ಅದಕ್ಕೆ ಮೊದಲು ವಿದ್ಯಾರ್ಥಿಗಳನ್ನು ಕೇಳುತ್ತಾರೆ. ಇಪ್ಪತ್ತೈದು ವರ್ಷ ಹುಡುಗರಿಗೆ ಮಾರ್ಕ್ಸ್ ಹಾಕಿದವನಿಗೆ ಈಗ ಹುಡುಗರು ಮಾರ್ಕ್ಸ್ ಹಾಕುತ್ತಾರೆ. ನೀನು ನಗುತ್ತೀ ಎಂದು ಗೊತ್ತು.

ನನ್ನ ಕೆಲಸ ಮಾತನಾಡಿಸುವುದು. ವ್ಯಾಕರಣ ಹೇಳಿಕೊಡಲು ಇಲ್ಲಿಯವರೇ ಇದ್ದಾರೆ. ಆದರೆ ಹುಡುಗರು ಬಾಯಿ ಬಿಡುವುದಿಲ್ಲ. ನಾನು ಪ್ರಶ್ನೆ ಕೇಳಿದರೆ ಇಡೀ ತರಗತಿ ಮೇಜು ನೋಡುತ್ತದೆ. ಪಕ್ಕದ ಮೇಜಿನ ಸಹೋದ್ಯೋಗಿ, ದೇಶದಿಂದ ದೇಶಕ್ಕೆ ಹೀಗೇ ಇಂಗ್ಲಿಷ್ ಹೇಳಿಕೊಡುತ್ತ ಅಲೆದ ಉದ್ದನೆಯ ಮನುಷ್ಯ, ಒಂದು ಉಪಾಯ ಹೇಳಿಕೊಟ್ಟ. ಮೊದಲ ದಿನ ನಿನ್ನ ಬಗ್ಗೆ ಮೂರು ವಾಕ್ಯ ಬೋರ್ಡಿನ ಮೇಲೆ ಬರೆ, ಅವರೇ ಪ್ರಶ್ನೆ ಕೇಳಲಿ ಎಂದ. ಹಾಗೇ ಮಾಡಿದೆ. ಊರು, ಮನೆ, ಮಕ್ಕಳು ಎಂದು ಎಲ್ಲರೂ ಕೇಳುವುದನ್ನೇ ಕೇಳಿದರು. ಬಾಯಿಗೆ ಬಂದದ್ದು ಹೇಳಿ ಮುಗಿಸಿದೆ.

ಪೀಪಿಯ ಕೋಣೆಯನ್ನು ಹಾಗೆಯೇ ಇಟ್ಟಿರು. ಕಿಟಕಿ ತೆರೆಯಬೇಡ, ರಸ್ತೆಯ ಧೂಳು ಮೇಜಿನ ಮೇಲೆ ಕೂರುತ್ತದೆ.

ನಿನ್ನ
ಮೇಷ್ಟ್ರು

ಸೆಪ್ಟೆಂಬರ್ 27

ಮೇಷ್ಟ್ರೇ,

ಪತ್ರ ಬಂತು. ಅಂಗಡಿಯಲ್ಲೇ ಒಡೆದು ಓದಿದೆ. ಮನೆಗೆ ಹೋಗುವ ತನಕ ಕಾಯಲು ನನಗೇನು ಹದಿನಾರು ವರ್ಷವೇ?

‘ಆ ಸಂಗತಿ’ ಎಂದು ಬರೆದಿದ್ದೀರಿ. ನಮ್ಮ ಮಗಳು ಸತ್ತುಹೋದಳು ಎಂದು ಬರೆಯಲು ನಿಮ್ಮ ಪೆನ್ನಿಗೂ ಆಗುವುದಿಲ್ಲವೇ? ಬಾಯಿಗಂತೂ ಆಗಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನಿಮ್ಮ ಅಣ್ಣನಿಗೆ, ನನ್ನ ತಮ್ಮನಿಗೆ, ಅವಳ ಕಾಲೇಜಿಗೆ ಫೋನ್ ಮಾಡಿ ಹೇಳಿದವಳು ನಾನೇ. ನೀವು ಪಕ್ಕದಲ್ಲಿ ಅವಳ ಚಪ್ಪಲಿ ಹಿಡಿದುಕೊಂಡು ನಿಂತಿದ್ದಿರಿ. ದೂರು ಹೇಳುತ್ತಿಲ್ಲ. ನೀವೊಂದು ಸಲ ಹೇಳಿದ್ದರೆ ಆ ಭಾರ ಇಬ್ಬರದ್ದೂ ಆಗುತ್ತಿತ್ತು ಎಂದು ಆಗಾಗ ಅನ್ನಿಸುತ್ತದೆ, ಅಷ್ಟೆ.

ಜೆರಾಕ್ಸ್ ಅಂಗಡಿ ಎಂದಿನಂತೆ ನಡೆದಿದೆ. ಪರೀಕ್ಷೆ ಹತ್ತಿರ ಬಂತು, ಒಬ್ಬಳು ಬರೆದ ನೋಟ್ಸನ್ನು ಇಡೀ ಕಾಲೇಜು ನನ್ನ ಯಂತ್ರದಲ್ಲಿ ಓದುತ್ತಿದೆ. ದೊಡ್ಡ ಯಂತ್ರ ಕಾಗದ ಕಚ್ಚಿಕೊಂಡು ಕೂತರೆ ಅದರ ಬೆನ್ನಿಗೊಂದು ಗುದ್ದು ಕೊಡುತ್ತೇನೆ. ಮೆಕ್ಯಾನಿಕ್ ಬಂದು, “ಅಕ್ಕಾ, ಹಂಗೆಲ್ಲ ಹೊಡೀಬಾರ್ದು, ಸೆನ್ಸರ್ ಹೋಗುತ್ತೆ” ಅಂದ. “ಹೋದ್ರೆ ಹೋಗ್ಲಿ ಬಿಡಪ್ಪಾ, ಗಂಡನ್ನೇ ಪರದೇಶಕ್ಕೆ ಕಳಿಸಿದೀನಿ, ಸೆನ್ಸರ್ ಯಾವ ಲೆಕ್ಕ?” ಅಂದೆ. ಅವನು ನಗಬೇಕೋ ಬೇಡವೋ ತಿಳಿಯದೆ ಸ್ಕ್ರೂ ಬಿಗಿದು ಹೋದ.

ಅನ್ನ ಮಾಡಿಕೊಳ್ಳುವುದು ಕಲಿತಿರೋ? ನೀರು ಬೆರಳಿನ ಒಂದು ಗೆರೆ ಮೇಲೆ ನಿಲ್ಲಬೇಕು. ನಿಮ್ಮ ಬೆರಳಲ್ಲ, ನನ್ನ ಬೆರಳು. ನಿಮ್ಮದು ಉದ್ದ.

ಕೋಣೆಯ ಚಿಂತೆ ಬಿಡಿ. ಧೂಳು ಕೂರಲು ನಾನು ಬಿಟ್ಟಿಲ್ಲ.

ಇವಳು

ಅಕ್ಟೋಬರ್ 19

ಇವಳೇ,

ನಿನ್ನ ಪತ್ರದ ಎರಡನೇ ಪ್ಯಾರಾಕ್ಕೆ ಉತ್ತರ ನನ್ನ ಬಳಿ ಇಲ್ಲ. ಮುಂದಿನದಕ್ಕೆಲ್ಲ ಇದೆ. ಅನ್ನ ಒಂದು ದಿನ ಗಂಜಿ, ಒಂದು ದಿನ ಕಲ್ಲು.

ಒಳ್ಳೆಯ ಸುದ್ದಿ ಎಂದರೆ ನನ್ನ ತರಗತಿ ಬಾಯಿ ಬಿಟ್ಟಿದೆ. ಅದರಲ್ಲೂ ಮುಂದಿನ ಬೆಂಚಿನ ಒಬ್ಬ ಹುಡುಗಿ. ಕೋಣೆ ಬೆಚ್ಚಗಿದ್ದರೂ ಕತ್ತಿನಿಂದ ಮಫ್ಲರ್ ತೆಗೆಯುವುದಿಲ್ಲವಾದ್ದರಿಂದ ನನ್ನ ಮಟ್ಟಿಗೆ ಅವಳ ಹೆಸರೇ ಮಫ್ಲರ್. ಮೊದಲು ಹೂಂ ಉಹೂಂ ಎನ್ನುತ್ತಿದ್ದವಳು ಈಗ ಪಾಠ ಮುಗಿದ ಮೇಲೂ ಬಾಗಿಲ ಹತ್ತಿರ ನಿಂತು ಏನಾದರೂ ಕೇಳುತ್ತಾಳೆ. ಉಳಿದವರೂ ಅವಳನ್ನು ನೋಡಿ ಧೈರ್ಯ ಮಾಡುತ್ತಾರೆ. ಮುಖ್ಯಸ್ಥೆ ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಹೋದರು. “ಅಷ್ಟೊಂದು ನಗಿಸ್ತೀರಲ್ಲ, ಏನು ಹೇಳ್ತೀರಿ ಅವರಿಗೆ?” ಎಂದರು. ಮನೆಯ ಕತೆ ಎಂದೆ.

ಈ ತಿಂಗಳು ಪತ್ರ ಬರೆಯುವ ಪಾಠ. ಹೊರದೇಶದ ಒಬ್ಬ ಸ್ನೇಹಿತರಿಗೆ ಪತ್ರ ಬರೆದು ತರಬೇಕು. ಹೊರದೇಶಕ್ಕೆ ವಿಳಾಸ ಬರೆಯುವ ಕ್ರಮವನ್ನೂ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಹುಡುಗರು ಚೆನ್ನಾಗಿ ಬರೆದಿದ್ದಾರೆ. ತಪ್ಪುಗಳಿವೆ, ಆದರೆ ಕೆಂಪು ಪೆನ್ನು ಹಿಡಿಯಲು ಮನಸ್ಸು ಬರುತ್ತಿಲ್ಲ.

ಇಲ್ಲಿ ನನ್ನನ್ನು ಯಾರೂ ಅಯ್ಯೋ ಪಾಪ ಎಂದು ನೋಡುವುದಿಲ್ಲ ಕಣೇ. ನಮ್ಮ ಬೀದಿಯಲ್ಲಿ ಹಾಲು ತರಲು ಹೋದರೂ ಜನ ದನಿ ತಗ್ಗಿಸುತ್ತಿದ್ದರು. ಅದೊಂದು ಇಲ್ಲದಿರುವುದರಿಂದ ಮನುಷ್ಯ ಎಷ್ಟು ಹಗುರಾಗುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ.

ನಿನ್ನ
ಮೇಷ್ಟ್ರು

ನವೆಂಬರ್ 10

ಮೇಷ್ಟ್ರೇ,

ಇವತ್ತು ಪೋಸ್ಟ್‌ಮ್ಯಾನ್ ಅಂಗಡಿಗೆ ಬಂದು ಒಂದು ಲಕೋಟೆ ಕೊಟ್ಟ. ಪರದೇಶದ ಸ್ಟಾಂಪು. “ಅಮ್ಮಾ, ವಿಳಾಸ ನಿಮ್ಮದೇ. ಹೆಸರು ಮಾತ್ರ...” ಎಂದು ಅಲ್ಲಿಗೇ ನಿಲ್ಲಿಸಿದ. ನಮ್ಮ ಮಗಳು ಹುಟ್ಟಿದಾಗಿನಿಂದ ನಮ್ಮ ಮನೆಗೆ ಟಪಾಲು ತರುವವನು ಅವನು. ಆ ಹೆಸರನ್ನು ನಾವು ಕರೆಯುವುದನ್ನು ಎಷ್ಟು ಸಲ ಕೇಳಿಸಿಕೊಂಡಿದ್ದಾನೋ.

ಲಕೋಟೆಯ ಮೇಲೆ ‘ಪೀಪಿ’ ಎಂದಿತ್ತು.

ನನ್ನ ಇಂಗ್ಲಿಷ್ ನಿಮಗೆ ಗೊತ್ತಲ್ಲ, ಬೆರಳಿಟ್ಟುಕೊಂಡು ಓದಿದೆ. ನಿಮ್ಮ ತರಗತಿಯ ಹುಡುಗಿಯೊಬ್ಬಳು ಬರೆದದ್ದು. ‘ಪ್ರಿಯ ಪೀಪಿ, ನೀನು ನನಗೆ ಗೊತ್ತಿಲ್ಲ, ಆದರೆ ನಿನ್ನ ಅಪ್ಪ ದಿನಾ ನಿನ್ನ ಬಗ್ಗೆ ಹೇಳುವುದರಿಂದ ನೀನು ನನಗೆ ಗೊತ್ತು. ನೀನು ಹುಟ್ಟಿದಾಗ ಪೀಪಿಯ ಹಾಗೆ ಅಳುತ್ತಿದ್ದೆಯಂತೆ. ಈಗ ಕೊನೇ ವರ್ಷದ ಡಿಗ್ರಿ ಓದುತ್ತಿದ್ದೀಯಂತೆ. ಸಿನಿಮಾದಲ್ಲಿ ತಮಾಷೆ ಬರುವ ಮೊದಲೇ ನಗುತ್ತೀಯಂತೆ. ಹೋದ ವಾರ ನೆಗಡಿ ಆಗಿತ್ತಂತೆ, ವಾಸಿಯಾಯಿತೇ?’

ವಾಸಿಯಾಯಿತೇ ಎಂದು ಕೇಳಿದ್ದಾಳೆ, ಮೇಷ್ಟ್ರೇ.

ಯಂತ್ರ ಓಡುತ್ತಲೇ ಇತ್ತು. ಯಾರದೋ ಪ್ರಾಜೆಕ್ಟಿನ ಮೊದಲನೇ ಪುಟ ಒಂದರ ಮೇಲೊಂದು ಬಂದು ಬೀಳುತ್ತಲೇ ಇತ್ತು. ಕೊನೆಗೆ ಯಾರೋ ಹುಡುಗಿ ಒಳಗೆ ಬಂದು ಸ್ವಿಚ್ ಆರಿಸಿದಳು.

ನೀವು ಅಲ್ಲಿ ಏನು ಮಾಡಿಟ್ಟಿದ್ದೀರಿ? ನಾನಿಲ್ಲಿ ಒಬ್ಬೊಬ್ಬರ ಮುಂದೆಯೂ ಅದೇ ಮಾತನ್ನು ಹೇಳಿ ಹೇಳಿ ನಾಲಗೆ ಸವೆಸಿಕೊಂಡಿದ್ದೇನೆ. ಬ್ಯಾಂಕಿನಲ್ಲಿ ಹೇಳಿದೆ, ಕಾಲೇಜಿನಲ್ಲಿ ಹೇಳಿದೆ, ಅವಳ ಕನ್ನಡಕ ರಿಪೇರಿಯಾಯಿತು ಎಂದು ಫೋನ್ ಮಾಡಿದ ಅಂಗಡಿಯವನಿಗೂ ಹೇಳಿದೆ. ನೀವು ಅಲ್ಲಿ ಅವಳಿಗೆ ನೆಗಡಿ ತರಿಸಿಕೊಂಡು ಕೂತಿದ್ದೀರಿ.

ಉತ್ತರ ಬರೆಯಿರಿ. ಇಲ್ಲದಿದ್ದರೆ ಬಿಡಿ.

ನವೆಂಬರ್ 27

ಇವಳೇ,

ಬೈಗುಳ ಇನ್ನೂ ಇರಬೇಕಿತ್ತು. ಕಡಿಮೆಯಾಯಿತು.

ಮೊದಲ ದಿನ ಮೂರು ವಾಕ್ಯ ಬರೆದೆ ಎಂದಿದ್ದೆನಲ್ಲ, ಮೂರನೆಯದು ‘ನನಗೆ ಒಬ್ಬಳು ಮಗಳು’ ಎಂದು. ಅದನ್ನು ಬರೆಯುವಾಗ ಸುಳ್ಳು ಎಂದು ಅನ್ನಿಸಲೇ ಇಲ್ಲ. ಆಮೇಲೆ ಪ್ರಶ್ನೆಗಳು ಬಂದವು. ವಯಸ್ಸೆಷ್ಟು? ಹತ್ತೊಂಬತ್ತು ಎಂದೆ. ಏನು ಮಾಡುತ್ತಾಳೆ? ಓದುತ್ತಾಳೆ ಎಂದೆ. ಆ ಮೌನದ ತರಗತಿ ಅಲ್ಲಿಯವರೆಗೆ ನನ್ನ ಮುಖವನ್ನೇ ನೋಡಿರಲಿಲ್ಲ, ಈಗ ಎಲ್ಲರೂ ತಲೆ ಎತ್ತಿದರು. ಮಾರನೆಯ ದಿನ ಅವರಾಗಿಯೇ, “ಸಾರ್, ಮಗಳು ಹೇಗಿದ್ದಾಳೆ?” ಎಂದು ಕೇಳಿದರು. ಆ ಪ್ರಶ್ನೆಯನ್ನು ನನಗೆ ಯಾರೂ ಕೇಳದೆ ಎಷ್ಟು ತಿಂಗಳಾಗಿತ್ತು! ಚೆನ್ನಾಗಿದ್ದಾಳೆ ಎಂದೆ. ಹಾಗೆನ್ನಲು ಎಷ್ಟು ಹಿತವಾಗಿತ್ತೆಂದರೆ, ದಿನಾ ಯಾರಾದರೂ ಕೇಳಲಿ ಎಂದು ಕಾಯತೊಡಗಿದೆ.

ಇನ್ನು ವಿಳಾಸ. ವಿಳಾಸದ ಕ್ರಮ ತೋರಿಸುವಾಗ ಯಾವುದಾದರೊಂದು ಮನೆಯ ವಿಳಾಸ ಬೋರ್ಡಿಗೆ ಬೇಕು. ಪಠ್ಯಪುಸ್ತಕದಲ್ಲಿ ಒಂದಿತ್ತು. ಮೇಷ್ಟ್ರ ಕೈ ನಿನಗೆ ಗೊತ್ತಲ್ಲ, ತನ್ನ ಪಾಡಿಗೆ ತಾನು ಓಡುತ್ತದೆ. ನಮ್ಮ ಮನೆಯ ವಿಳಾಸ ಬರೆದೆ, ಮೇಲೆ ಅವಳ ಹೆಸರು ಬರೆದೆ. ಉಳಿದವರೆಲ್ಲ ಪತ್ರ ಬರೆದು ನನ್ನ ಮೇಜಿನ ಮೇಲಿಟ್ಟರು, ಅದು ಅವರಿಗೆ ಪಾಠ. ಕೇಳಿದಾಗ ಗೊತ್ತಾಯಿತು, ಮಫ್ಲರ್ ಮಾತ್ರ ಇನ್ನೊಂದು ಪ್ರತಿ ಬರೆದು ಸ್ಟಾಂಪು ಅಂಟಿಸಿ ಅಂಚೆಗೆ ಹಾಕಿದಳು. ವಿಳಾಸ ಅಂದರೆ ಪತ್ರ ಹಾಕಲಿಕ್ಕೆ ಎಂದು ತಿಳಿದವಳು ಅವಳೊಬ್ಬಳೇ.

ಸೋಮವಾರ ಎಲ್ಲರಿಗೂ ನಿಜ ಹೇಳಿಬಿಡುತ್ತೇನೆ. ಹಾಗೆಂದು ಬರೆದಿದ್ದೇನೆ, ನೋಡು. ವರ್ಷ ತುಂಬುವ ದಿನ ಬರುತ್ತಿದೆ. ಆ ದಿನ ನೀನೊಬ್ಬಳೇ ಇರಬೇಡ. ತಮ್ಮನನ್ನು ಕರೆಸಿಕೋ.

ಕ್ಷಮಿಸು.

ನಿನ್ನ
ಮೇಷ್ಟ್ರು

ಜನವರಿ 8

ಮೇಷ್ಟ್ರೇ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು, ಆಮೇಲೆ ಅದೂ ಬರಲಿಲ್ಲ.

ವರ್ಷದ ದಿನ ತಮ್ಮನನ್ನು ಕರೆಯಲಿಲ್ಲ. ಅಂಗಡಿ ತೆರೆದೆ. ಹಾಳೆ ತುಂಬಿಸಿದೆ, ಪುಟ ಜೋಡಿಸಿ ಪಿನ್ ಹೊಡೆದೆ. ಸಂಜೆ ಲಕೋಟೆ ತೆಗೆದು ಆ ಹುಡುಗಿಯ ಪತ್ರವನ್ನು ಮತ್ತೆ ಓದಿದೆ. ಇಡೀ ದಿನ ನಮ್ಮ ಬಂಧುಬಳಗದಲ್ಲಿ ಒಬ್ಬರೂ ಅವಳ ಹೆಸರೆತ್ತಿರಲಿಲ್ಲ, ನನಗೆ ನೋವಾದೀತೆಂದು. ಎಲ್ಲೋ ಇರುವ, ಮುಖ ನೋಡದ ಹುಡುಗಿಯ ಕೈಬರಹದಲ್ಲಿ ಮಾತ್ರ ಅವಳ ಹೆಸರಿತ್ತು.

ಸೋಮವಾರ ಹೇಳುತ್ತೇನೆ ಎಂದಿದ್ದಿರಿ. ಹೇಳಿಲ್ಲ ಎಂದು ನನಗೆ ಗೊತ್ತು. ಹೇಳಿದ್ದರೆ ನಿಮ್ಮ ಪತ್ರ ಹಿಂದೆಯೇ ಬರುತ್ತಿತ್ತು. ಹೇಳಬೇಡಿ, ಸದ್ಯಕ್ಕೆ.

ಬೇರೆ ಏನೇನು ಹೇಳಿದ್ದೀರಿ ಅವರಿಗೆ? ಅಲ್ಲಿ ಹೇಗಿದ್ದಾಳೆ ಅವಳು? ಕೊನೇ ವರ್ಷಕ್ಕೆ ಹಾಕಿದ್ದೀರಲ್ಲ, ಆ ಗಣಿತದ ಪೇಪರ್ ಏನಾಯಿತು? ಅಷ್ಟು ಸುಲಭಕ್ಕೆ ಪಾಸು ಮಾಡಿಸಬೇಡಿ, ಅದಕ್ಕಾಗಿ ಎಷ್ಟು ಅತ್ತಿದ್ದಾಳೆ. ನೆಗಡಿ ಬಂದರೆ ಅವಳು ಯಾರ ಮಾತೂ ಕೇಳುವುದಿಲ್ಲ, ತಣ್ಣೀರೇ ಕುಡಿಯುತ್ತಾಳೆ, ಅದನ್ನು ಹೇಳಿದ್ದೀರೋ ಇಲ್ಲವೋ? ನಿಮ್ಮ ಬಾಯಲ್ಲಿ ಅವಳು ಬಲು ಒಳ್ಳೆಯ ಹುಡುಗಿ ಆಗಿಬಿಟ್ಟಿರುತ್ತಾಳೆ. ಹಟಮಾರಿ ಅವಳು. ನಿಮ್ಮ ಹಾಗೆ. ಹೇಳುವುದಿದ್ದರೆ ಸರಿಯಾಗಿ ಹೇಳಿ.

ಇವಳು

ಜನವರಿ 25

ಇವಳೇ,

ನಿನ್ನ ಪತ್ರವನ್ನು ಮೇಷ್ಟ್ರುಗಳ ಕೋಣೆಯಲ್ಲಿ ಓದಿದೆ. ಓದುತ್ತ ನಕ್ಕೆನಂತೆ. ಪಕ್ಕದ ಮೇಜಿನವನು ಕೈಸನ್ನೆಯಲ್ಲಿ ಏನು ಎಂದು ಕೇಳಿದ. ಮಗಳು ಗಣಿತದಲ್ಲಿ ಫೇಲು ಎಂದೆ. ಆಮೇಲೆ ಎದ್ದುಹೋಗಿ ಮುಖ ತೊಳೆದುಕೊಂಡು ಬಂದೆ.

ಗಣಿತ ಇನ್ನೂ ಪಾಸಾಗಿಲ್ಲ, ಈ ಸಲ ಕಟ್ಟಿದ್ದಾಳೆ. ತಣ್ಣೀರಿನ ವಿಷಯ ಹೇಳಿದ್ದೇನೆ. ಹಟಮಾರಿ ಎಂದೂ ಹೇಳಿದ್ದೇನೆ, ನಿನ್ನ ಹಾಗೆ ಎಂದು. ಸಮುದ್ರ ನೋಡಲು ಕರೆದುಕೊಂಡು ಹೋದೆವು ಎಂದಿದ್ದೇನೆ. ಎರಡು ರಜೆ ಮುಂದೂಡಿ ಕೊನೆಗೂ ಹೋಗದೆ ಉಳಿದೆವಲ್ಲ, ಅದು. ನೀನು ಸೀರೆ ಎತ್ತಿಕೊಂಡು ಅಲೆಗೆ ಹೆದರಿ ಓಡಿದೆ, ಅವಳು ನಿನ್ನ ಕೈಹಿಡಿದು ಎಳೆದಳು. ತರಗತಿ ಬಿದ್ದು ಬಿದ್ದು ನಕ್ಕಿತು. ನೀನು ಹೆದರಲಿಲ್ಲ ಎನ್ನುವುದಿದ್ದರೆ ತಿದ್ದುತ್ತೇನೆ.

ಮುಖ್ಯಸ್ಥೆ ಕರೆದಿದ್ದರು. ಹುಡುಗರು ನನಗೆ ಒಳ್ಳೆಯ ಮಾರ್ಕ್ಸ್ ಕೊಟ್ಟಿದ್ದಾರೆ. ಒಪ್ಪಂದವನ್ನು ಇನ್ನೆರಡು ವರ್ಷ ಮುಂದುವರಿಸುತ್ತಾರಂತೆ. ಜೂನಿನಲ್ಲಿ ವಾಪಸು ಬರುತ್ತೇನೆ ಎಂದು ನಿನಗೆ ಮಾತು ಕೊಟ್ಟವನು ನಾನು, ಅದನ್ನು ಮರೆತಿಲ್ಲ. ಆದರೆ ನಿಜ ಹೇಳಲೇ? ನಮ್ಮ ಮನೆಯ ಬಾಗಿಲು ತಟ್ಟುವ ಧೈರ್ಯ ನನಗಿಲ್ಲ. ಅಲ್ಲಿ ಅವಳಿಲ್ಲ. ಇಲ್ಲಿ ಇದ್ದಾಳೆ. ಅಂಗಡಿಯನ್ನು ತಮ್ಮನಿಗೆ ವಹಿಸಿ ನೀನೇ ಇಲ್ಲಿಗೆ ಬರಬಾರದೇ? ಕೋಣೆಗೆ ಬೀಗ ಹಾಕಿ, ಅಲ್ಲಿರುವುದನ್ನು ಅಲ್ಲೇ ಬಿಟ್ಟು ಬಾ.

ನಿನ್ನ
ಮೇಷ್ಟ್ರು

ಫೆಬ್ರವರಿ 11

ಮೇಷ್ಟ್ರೇ,

ನಿಮ್ಮ ಪತ್ರದ ಹಿಂದೆಯೇ ಮಫ್ಲರಿನ ಇನ್ನೊಂದು ಪತ್ರ ಬಂತು. ಮೊದಲು ಅದನ್ನು ಹೇಳುತ್ತೇನೆ.

ಎರಡು ವರ್ಷದ ಹಿಂದೆ ಅವಳ ಅಣ್ಣ ಸತ್ತನಂತೆ. ನಿಮಗೆ ಗೊತ್ತಿರಲಿಲ್ಲ ಅಲ್ಲವೇ? ನೀವು ನಿಮ್ಮ ಮಗಳ ಕತೆ ಹೇಳುವ ಸಡಗರದಲ್ಲಿದ್ದಿರಿ, ಅವಳ ಮನೆಯಲ್ಲಿ ಯಾರು ಯಾರು ಎಂದು ಕೇಳಿರಲಾರಿರಿ. ಅವಳ ಮನೆಯಲ್ಲಿ ಅಣ್ಣನ ಹೆಸರನ್ನು ಯಾರೂ ಎತ್ತುವುದಿಲ್ಲವಂತೆ. ಅವನ ಕೋಣೆಗೆ ಬೀಗ, ಬೀಗದ ಕೈ ಅಮ್ಮನ ಹತ್ತಿರ. ‘ನಿನ್ನ ಅದೃಷ್ಟ ದೊಡ್ಡದು ಪೀಪಿ, ನಿನ್ನ ಅಪ್ಪ ದಿನವೆಲ್ಲ ನಿನ್ನ ಬಗ್ಗೆ ಮಾತಾಡುತ್ತಾರೆ. ನನಗೆ ಅಣ್ಣನ ಕೋಣೆಗೆ ಒಮ್ಮೆ ಹೋಗಿ ಕೂರಬೇಕು ಅನ್ನಿಸುತ್ತದೆ. ಅಮ್ಮನನ್ನು ಕೇಳಲು ಭಯ. ಓದು ಬಿಟ್ಟು ಮನೆಗೇ ಹೋಗಿಬಿಡಲೇ ಎಂದೂ ಅನ್ನಿಸುತ್ತದೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ? ದಯವಿಟ್ಟು ಉತ್ತರ ಬರೆ’ ಎಂದಿದ್ದಾಳೆ.

ಇದನ್ನು ಓದಿದ ಮೇಲೆ ನನಗೆ ಸಮುದ್ರವೂ ಬೇಡವಾಯಿತು, ಗಣಿತವೂ ಬೇಡವಾಯಿತು. ನಾನೂ ಆ ಆಟಕ್ಕೆ ಸೇರಿಕೊಂಡೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಬದುಕಿರುವ ಹುಡುಗಿಯೊಬ್ಬಳು ಉತ್ತರಕ್ಕೆ ಕಾಯುತ್ತಿದ್ದಾಳೆ. ಅವಳಿಗೆ ಸುಳ್ಳು ಸಮಾಧಾನ ಕಳಿಸಲು ನನ್ನಿಂದ ಆಗದು.

ಕೋಣೆಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಧೂಳು ಕೂರಲು ಬಿಟ್ಟಿಲ್ಲ ಎಂದು ಬರೆದಿದ್ದೆ. ಸುಳ್ಳಲ್ಲ. ನೀವು ಹೊರಟ ವಾರವೇ ಅವಳ ಕೋಣೆ ಖಾಲಿ ಮಾಡಿದೆ. ಬಟ್ಟೆಯನ್ನು ಕೊಟ್ಟೆ. ಪುಸ್ತಕಗಳನ್ನು ಅವಳ ಗೆಳತಿಯರು ತೆಗೆದುಕೊಂಡು ಹೋದರು. ಅಂಗಡಿಯ ಗೋಡೆಗೆ ತೇವ ಬರುತ್ತದೆಂದು ಕಾಗದದ ಕಟ್ಟುಗಳನ್ನೆಲ್ಲ ಅವಳ ಕೋಣೆಯಲ್ಲಿ ಜೋಡಿಸಿದ್ದೇನೆ. ಬೈಂಡಿಂಗ್ ಯಂತ್ರ ಅವಳ ಮೇಜಿನ ಮೇಲಿದೆ. ಆ ಮುಚ್ಚಿದ ಬಾಗಿಲ ಮುಂದೆ ಹಾದು ಅಡುಗೆಮನೆಗೆ ಹೋಗುವುದು ನನ್ನಿಂದ ಆಗುತ್ತಿರಲಿಲ್ಲ. ನಿಮಗೆ ಮುಚ್ಚಿರುವುದು ಬೇಕಿತ್ತು, ನನಗೆ ತೆರೆದಿರುವುದು ಬೇಕಿತ್ತು. ನೀವು ಅಲ್ಲಿದ್ದಿರಿ, ನಾನಿಲ್ಲಿದ್ದೆ. ತೆರೆದೆ.

ಆ ಹುಡುಗಿಗೆ ನೀವೇ ನಿಜ ಹೇಳಿ. ಸಹಿ ಹಾಕುವ ಮೊದಲು ಹೇಳಿ.

ಇವಳು

ಮಾರ್ಚ್ 2

ಕೋಣೆಯನ್ನು ಖಾಲಿ ಮಾಡುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತು. ಅವಳ ಮೇಜನ್ನು ಮಾಡಿಸಿದವನು ನಾನು, ಅವಳ ಎತ್ತರಕ್ಕೆ ಅದರ ಕಾಲು ಕತ್ತರಿಸಿ ಕೊಟ್ಟವನು ನಾನು. ಬೈಂಡಿಂಗ್ ಯಂತ್ರಕ್ಕೆ ಊರಿನಲ್ಲಿ ಬೇರೆ ಜಾಗವೇ ಇರಲಿಲ್ಲವೇ?

ಒಪ್ಪಂದಕ್ಕೆ ಸಹಿ ಹಾಕಿ ಕೊಟ್ಟೆ.

ಮಾರ್ಚ್ 19

ಮೇಷ್ಟ್ರೇ,

ಸಹಿ ಹಾಕಿದ್ದು ತಿಳಿಯಿತು. ಒಳ್ಳೆಯದಾಗಲಿ.

ಇದರ ಜೊತೆಗಿರುವ ಕಾಗದ ಮಫ್ಲರಿಗೆ. ಇಂಗ್ಲಿಷಿನಲ್ಲಿ ಬರೆಯಲು ನನಗೆ ಬರುವುದಿಲ್ಲ. ಬರುವ ಹುಡುಗಿಯರು ಅಂಗಡಿಗೆ ದಿನಾ ಬರುತ್ತಾರೆ, ಅವರಿಂದ ಬರೆಸಬಹುದಿತ್ತು. ಬರೆಸಲಿಲ್ಲ. ನೀವೇ ಅವಳಿಗೆ ಓದಿ ಹೇಳಬೇಕು. ಒಂದೂ ಮಾತು ಬಿಡಬಾರದು. ಅಸಲು ಕಳಿಸಿದ್ದೇನೆ, ನಕಲು ನನ್ನ ಹತ್ತಿರ ಇದೆ. ಜೆರಾಕ್ಸ್ ಅಂಗಡಿಯವಳು ನಾನು.

ಇವಳು

‘ಮಗಳೇ,

ನಾನು ಪೀಪಿಯ ಅಮ್ಮ. ನೀನು ಬರೆದ ಎರಡು ಪತ್ರವೂ ನನಗೆ ತಲುಪಿವೆ. ಪೀಪಿಗೆ ತಲುಪಿಲ್ಲ. ನಿಮ್ಮ ಮೇಷ್ಟ್ರು ನಿಮ್ಮ ದೇಶಕ್ಕೆ ಬರುವ ಮೊದಲೇ ಅವಳು ಸತ್ತುಹೋದಳು. ಜ್ವರ ಬಂತು, ತಲೆಗೇರಿತು. ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು. ಯಾರ ತಪ್ಪೂ ಇಲ್ಲ.

ನಿಮ್ಮ ಮೇಷ್ಟ್ರು ನಿಮಗೆ ಮೋಸ ಮಾಡಬೇಕೆಂದು ಹಾಗೆ ಹೇಳಲಿಲ್ಲ. ಅವಳು ಇಲ್ಲ ಎಂದು ಹೇಳಲು ಅವರಿಗೆ ಇನ್ನೂ ಬಾಯಿ ಬಂದಿಲ್ಲ. ಅವರ ಮೇಲೆ ಸಿಟ್ಟು ಬಂದರೆ ಮಾಡಿಕೋ, ನಾನೂ ಮಾಡಿಕೊಂಡಿದ್ದೇನೆ.

ನೀನು ಕೇಳಿದ್ದಕ್ಕೆ ಪೀಪಿ ಉತ್ತರ ಕೊಡಲಾರಳು, ನಾನು ಕೊಡುತ್ತೇನೆ. ಅಮ್ಮನ ಹತ್ತಿರ ಬೀಗದ ಕೈ ಕೇಳು. ಬೈದರೂ ಕೇಳು. ಆದರೆ ಒಬ್ಬಳೇ ಒಳಗೆ ಹೋಗಬೇಡ. ನಾನು ಒಬ್ಬಳೇ ಹೋದೆ, ಆಮೇಲೆ ಬಹಳ ಕಷ್ಟವಾಯಿತು. ಅಮ್ಮನ ಕೈ ಹಿಡಿದುಕೊಂಡು ಹೋಗು. ಓದು ಬಿಡಬೇಡ.’

ಏಪ್ರಿಲ್ 7

ಇವಳೇ,

ನಿನ್ನ ಕಾಗದವನ್ನು ಖಾನೆಯಲ್ಲಿಟ್ಟು ಬೀಗ ಹಾಕಿದೆ. ಕೊಡುವುದಿಲ್ಲ ಎಂದೇ ಇದ್ದೆ. ಮೊನ್ನೆ ಪಾಠ ಮುಗಿದ ಮೇಲೆ ಮಫ್ಲರ್ ಬಾಗಿಲ ಹತ್ತಿರ ನಿಂತು, “ಸಾರ್, ಪೀಪಿಗೆ ನನ್ನ ಮೇಲೆ ಬೇಜಾರಾ? ಯಾಕೆ ಉತ್ತರಾನೇ ಬರೀಲಿಲ್ಲ?” ಎಂದಳು. ಆ ಮುಖ ನೋಡಿ ಕಾಗದ ತರಲು ಹೋದೆ.

ಖಾಲಿ ತರಗತಿಯಲ್ಲಿ ಎದುರುಬದುರು ಕೂತೆವು. ಒಂದೊಂದೇ ಸಾಲು ಕನ್ನಡದಲ್ಲಿ ಮನಸ್ಸಿನಲ್ಲೇ ಓದಿಕೊಂಡು ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ‘ಪೀಪಿಗೆ ತಲುಪಿಲ್ಲ’ ಎಂಬಲ್ಲಿಯವರೆಗೆ ಮೇಷ್ಟ್ರ ದನಿ ಸರಿಯಾಗಿಯೇ ಇತ್ತು. ಮುಂದಿನ ಸಾಲು ನಿನ್ನ ದುಂಡನೆಯ ಅಕ್ಷರದಲ್ಲಿ ಹಾಳೆಯ ಮೇಲಿತ್ತು. ಅದರ ಕೆಳಗೆ ಬೆರಳಿಟ್ಟುಕೊಂಡೆ. ಆಮೇಲೆ ಹೇಳಿದೆ. ಹೇಳಿದೆ ಕಣೇ. ಬಾಯಿಂದ ಬಂತು.

ಅವಳು ಮಫ್ಲರಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. “ಹಾಗಾದ್ರೆ ನೆಗಡಿ ಬಂದಿದ್ದೂ ಸುಳ್ಳಾ ಸಾರ್?”

ನೆಗಡಿ ನಿಜ, ಅದು ಹಿಂದಿನ ವರ್ಷದ್ದು ಎಂದೆ. ಅಲ್ಲಿಗೆ ನನ್ನ ಧೈರ್ಯ ಮುಗಿಯಿತು. ಉಳಿದ ಸಾಲುಗಳನ್ನು ಅಳುತ್ತಲೇ ಓದಿದೆ. ಒಂದನ್ನೂ ಬಿಡಲಿಲ್ಲ.

ಮರುದಿನ ತರಗತಿಗೂ ಹೇಳಿದೆ. ಮೊದಲ ವಾರದ ಹಾಗೆ ಎಲ್ಲರೂ ಮೇಜು ನೋಡಿದರು. ಇನ್ನು ಈ ತರಗತಿಯಲ್ಲಿ ‘ಮಗಳು ಹೇಗಿದ್ದಾಳೆ’ ಎಂದು ಯಾರೂ ಕೇಳುವುದಿಲ್ಲ. ಅದು ಮುಗಿಯಿತು. ಮಫ್ಲರ್ ನಿನ್ನೆ ಊರಿಗೆ ಹೋದಳು, ಓದು ಬಿಟ್ಟಲ್ಲ, ರಜೆ ಹಾಕಿ. ನಿನ್ನ ಕಾಗದವನ್ನು ಕೇಳಿ ತೆಗೆದುಕೊಂಡಳು. ಒಂದಕ್ಷರ ಓದಲು ಬಾರದಿದ್ದರೂ.

ಸಹಿ ಹಾಕಿದ ಒಪ್ಪಂದ ಇನ್ನೂ ಮುಖ್ಯಸ್ಥೆಯ ಮೇಜಿನ ಮೇಲೇ ಇತ್ತು. ವಾಪಸು ಕೇಳಿದೆ. ಕಾರಣ ಕೇಳಿದರು. ಮನೆಯಲ್ಲಿ ಹೆಂಡತಿ ಒಬ್ಬಳೇ ಇದ್ದಾಳೆ ಎಂದೆ. ಜೂನಿನಲ್ಲಿ ಪರೀಕ್ಷೆ ಮುಗಿಸಿ ಬರುತ್ತೇನೆ. ಕೋಣೆಯ ವಿಷಯದಲ್ಲಿ ಸಿಟ್ಟು ಪೂರ್ತಿ ಇಳಿದಿಲ್ಲ, ಅದನ್ನು ಜೊತೆಗೇ ತರುತ್ತೇನೆ.

ಇನ್ನೊಂದು ಕೆಲಸ ಬಾಕಿ ಇದೆ. ಆ ಮಾತನ್ನು ನಾನು ಹೇಳಿರುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಇನ್ನೂ ಹೇಳಿಲ್ಲ. ಅದನ್ನು ನಿನಗೇ ಹೇಳಬೇಕು. ಈ ಪತ್ರ ತಲುಪಿರಬಹುದಾದ ಹೊತ್ತಿಗೆ ಫೋನ್ ಮಾಡುತ್ತೇನೆ. ನೀನು ಏನೂ ಹೇಳಬೇಕಾಗಿಲ್ಲ. ಎತ್ತಿಕೋ, ಸಾಕು.

ನಿನ್ನ
ಮೇಷ್ಟ್ರು

ಏಪ್ರಿಲ್ 26

ಮೇಷ್ಟ್ರೇ,

ನಿಮ್ಮ ಪತ್ರ ಇವತ್ತು ಬಂತು. ಫೋನ್ ಮೊನ್ನೆಯೇ ಬಂದಿತ್ತು.

ಪತ್ರ ಮೊದಲು ಬಂದಿದ್ದರೆ ಅಂಗಡಿ ಮುಚ್ಚಿ, ಕೈತೊಳೆದುಕೊಂಡು, ಮನೆಯಲ್ಲಿ ಫೋನ್ ಮುಂದಿಟ್ಟುಕೊಂಡು ಕೂತಿರುತ್ತಿದ್ದೆ. ಆ ಹೊತ್ತಿನಲ್ಲಿ ಪ್ರಾಜೆಕ್ಟ್ ಹಿಡಿದುಕೊಂಡ ಹುಡುಗಿಯರ ಸಾಲು ರಸ್ತೆಯವರೆಗೆ ಇತ್ತು. ಎರಡೂ ಯಂತ್ರ ಓಡುತ್ತಿದ್ದವು. ಊಟ ಆಯಿತೇ ಎಂದು ಕೇಳಲು ಮಾಡಿದ್ದೀರಿ ಎಂದುಕೊಂಡು ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೆ.

“ನಮ್ಮ ಪೀಪಿ ಸತ್ತುಹೋದ್ಲು ಕಣೇ” ಎಂದಿರಿ.

ನಾನು ಹೂಂ ಎಂದೆ. ನನಗೆ ಬಂದದ್ದು ಅಷ್ಟೇ. ಅಷ್ಟರಲ್ಲಿ ಎದುರಿಗಿದ್ದವಳು, “ಆಂಟಿ, ಇದು ಎರಡೂ ಕಡೆ ಬರಬೇಕು” ಎಂದಳು. “ಆಯ್ತಮ್ಮಾ, ಎರಡೂ ಕಡೆ” ಎಂದೆ. ಆ ಮಾತು ನಿಮಗೂ ಕೇಳಿಸಿರಬೇಕು. ಫೋನ್ ಇಟ್ಟಿರಿ.

ಅವಳ ಪ್ರಾಜೆಕ್ಟ್ ಮುಗಿಸಿ ಕೊಟ್ಟೆ. ಉಳಿದವರಿಗೆ ನಾಳೆ ಬನ್ನಿ ಎಂದು ಷಟರ್ ಎಳೆದೆ. ಮನೆಗೆ ಬಂದು ಅವಳ ಕೋಣೆಯಲ್ಲಿ ಕಾಗದದ ಕಟ್ಟಿನ ಮೇಲೆ ಕೂತು ಅತ್ತೆ. ಆಸ್ಪತ್ರೆಯಿಂದ ಬಂದ ದಿನ ಅಳಲು ಪುರುಸೊತ್ತು ಇರಲಿಲ್ಲ, ಎಲ್ಲರಿಗೂ ಫೋನ್ ಮಾಡುವುದಿತ್ತು. ಮೊನ್ನೆ ಯಾರಿಗೂ ಮಾಡುವುದಿರಲಿಲ್ಲ. ನನಗೇ ಬಂದಿತ್ತು.

ಬೈಂಡಿಂಗ್ ಯಂತ್ರವನ್ನು ಮೇಜಿನ ಮೇಲಿಂದ ಇಳಿಸಿಲ್ಲ, ಇಳಿಸುವುದೂ ಇಲ್ಲ. ಜಗಳವಾಡುವುದಿದ್ದರೆ ಬಂದು ಆಡಿ. ಪಕ್ಕದಲ್ಲಿ ಒಂದು ಕುರ್ಚಿಗೆ ಜಾಗ ಮಾಡಿದ್ದೇನೆ.

ಬಂದ ದಿನ ಅಂಗಡಿ ತೆರೆಯುವುದಿಲ್ಲ. ಆ ಮಾತನ್ನು ನೀವು ಇನ್ನೊಂದು ಸಲ ಹೇಳಬೇಕು. ಮೊನ್ನೆ ಯಂತ್ರದ ಸದ್ದಿನಲ್ಲಿ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಇವಳು